ಮುನಿಕೃಷ್ಣನ ಮನೋನಿಗ್ರಹ

ಎಲ್ಲಾ ಕೆಟ್ಟದ್ದು ಒಂದು ಅಂಗಿ ಗುಂಡಿಯಿಂದ. ನೆಂಟರ ಗೃಹಪ್ರವೇಶದ ಪಂಕ್ತಿಯಲ್ಲಿ ಮೂರನೇ ಸಲ ಬಿಸಿಬೇಳೆಬಾತ್ ಹಾಕಿಸಿಕೊಳ್ಳಲು ಮುನಿಕೃಷ್ಣ ಮುಂದಕ್ಕೆ ಬಾಗಿದ. ಹೊಟ್ಟೆಯ ಮೇಲಿನ ಗುಂಡಿ ಪಟ್ಟನೆ ಕಿತ್ತುಹೋಗಿ ಎದುರು ಸಾಲಿನ ಬೀಗರ ಪಾಯಸಕ್ಕೆ ಬಿತ್ತು. ಬೀಗರು ಅದನ್ನು ಗೋಡಂಬಿ ಎಂದುಕೊಂಡು ಕಚ್ಚಿದರು.

ಮರುದಿನವೇ ಹೆಂಡತಿ ವಿನುತಾ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. "ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದೆ, ಎಣ್ಣೆ ಬೆಣ್ಣೆ ಕಮ್ಮಿ ಮಾಡಿ" ಎಂದರು ಡಾಕ್ಟರು. ವಿನುತಾಗೆ 'ಸ್ವಲ್ಪ' ಎಂಬ ಪದವೂ ಕೇಳಿಸಲಿಲ್ಲ, 'ಕಮ್ಮಿ' ಎಂಬ ಪದವೂ ಕೇಳಿಸಲಿಲ್ಲ.

ತಮಾಷೆಯೆಂದರೆ ಮುನಿಕೃಷ್ಣನಿಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ. ಇಪ್ಪತ್ತೈದು ವರ್ಷದಿಂದ ಲಾರಿಗಟ್ಟಲೆ ಸೋರೆಕಾಯಿ, ಹೀರೆಕಾಯಿ ಇಳಿಸಿಕೊಂಡು ಊರಿಗೆಲ್ಲ ಆರೋಗ್ಯ ಹಂಚಿದವನು. ತಾನು ಮಾತ್ರ ಅವುಗಳ ಜತೆ ಬರೀ ವ್ಯಾಪಾರದ ಸಂಬಂಧ ಇಟ್ಟುಕೊಂಡಿದ್ದ. ಈಗ ಅವೇ ಸೋರೆಕಾಯಿಗಳು ಉಪ್ಪಿಲ್ಲದೆ, ಒಗ್ಗರಣೆಯಿಲ್ಲದೆ, ದೀಕ್ಷೆ ತೆಗೆದುಕೊಂಡ ಸನ್ಯಾಸಿಗಳ ಹಾಗೆ ಅವನ ತಟ್ಟೆಗೇ ಬರತೊಡಗಿದವು.

ಹದಿನಾಲ್ಕು ದಿನ ಸಹಿಸಿದ. ಹದಿನೈದನೆಯ ದಿನ ಭಾನುವಾರ.

"ಮಂಡಿಗೆ ಲೋಡ್ ಬಂದಿದೆಯಂತೆ ಕಣೇ, ಹೋಗ್ಬಂದ್ಬಿಡ್ತೀನಿ" ಎಂದ.

"ಗಂಜಿ ಕುಡ್ಕೊಂಡು ಹೋಗ್ರೀ."

ಕುಡಿದ. ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದನ್ನು ಯಾರೋ ಬೆಚ್ಚಗೆ ಮಾಡಿ ಕೊಟ್ಟಂತಿತ್ತು.

ತ್ಯಾಗರಾಜನಗರದ ತಿರುವಿನಲ್ಲೇ ವೇಣುಗೋಪಾಲನ ಬೇಕರಿ. ಸ್ಕೂಟರ್ ನಿಲ್ಲಿಸಿ, "ಒಂದು ದಿಲ್‌ಪಸಂದ್ ಕೊಡು ಗುರು" ಎಂದ.

ವೇಣುಗೋಪಾಲ ಆ ಕಡೆ ಈ ಕಡೆ ನೋಡಿದ. "ಬೇಜಾರು ಮಾಡ್ಕೋಬೇಡಿ ಅಣ್ಣಾ. ಅಕ್ಕ ಬಂದು ಹೇಳಿ ಹೋಗಿದಾರೆ. ನಿಮಗೆ ಬ್ರೆಡ್ ಮಾತ್ರ, ಅದೂ ಗೋಧಿದು."

"ಅಂಗಡಿ ನಿಂದೋ ಅವಳದೋ?"

"ನಂದೇ ಅಣ್ಣಾ. ಆದ್ರೆ ನಾಳೇನೂ ಬಾಗಿಲು ತೆಗೀಬೇಕಲ್ಲ."

ಬನ್ನು ಕೊಳ್ಳಲು ಬಂದಿದ್ದ ಎದುರುಮನೆಯ ಅಣ್ಣಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಮೆಂತ್ಯ ನೆನೆಸಿದ ನೀರು ಕುಡಿಯಪ್ಪ. ನಮ್ಮನೆಯವರು ದಿನಾ ಕುಡೀತಿದ್ರು."

"ಈಗ ಹೇಗಿದಾರೆ?"

"ಹೋಗಿ ಎರಡು ವರ್ಷ ಆಯ್ತಲ್ಲ. ಆದ್ರೆ ಕೊನೇವರೆಗೂ ಶುಗರ್ ಮಾತ್ರ ನಾರ್ಮಲ್ಲು!"

ಮುನಿಕೃಷ್ಣ ಸ್ಕೂಟರ್ ಹತ್ತಿ ಚಾಮರಾಜಪೇಟೆಯ ಕಡೆ ತಿರುಗಿಸಿದ. ಅಲ್ಲಿ ಒಳರಸ್ತೆಯೊಂದರಲ್ಲಿ ಸಣ್ಣ ಹೋಟೆಲು. ಅವನನ್ನು ಬಲ್ಲವರು ಯಾರೂ ಕಾಲಿಡದ ಜಾಗ. ಮೂಲೆಯ ಮೇಜು ಹಿಡಿದು ಬೆಣ್ಣೆ ಮಸಾಲೆ ಹೇಳಿದ. ದೋಸೆ ಬಂತು. ಹೊಂಬಣ್ಣದ ಮೈ, ಗರಿಗರಿ ಅಂಚು, ಮೇಲೆ ನಿಂಬೆಗಾತ್ರದ ಬೆಣ್ಣೆ ಮೆಲ್ಲಗೆ ಜಾರುತ್ತಿತ್ತು. ಹದಿನೈದು ದಿನದ ವಿರಹ. ಮುನಿಕೃಷ್ಣ ಅಂಚು ಮುರಿಯಲು ಕೈ ಚಾಚಿದ.

"ಓಹೋ! ಮುನಿಕೃಷ್ಣ!"

ಎದುರಿನ ಕುರ್ಚಿಯಲ್ಲಿ ನರಸಿಂಹಯ್ಯ ಮೇಷ್ಟ್ರು ಕೂತಾಗಿತ್ತು. ಪಕ್ಕದ ಮನೆಯವರು, ನಿವೃತ್ತಿಯಾದ ಮೇಲೆ ಬಡಾವಣೆಯ ಪಾರ್ಕಿನ ವಾಕಿಂಗ್ ಬಳಗದ ಅಧ್ಯಕ್ಷರು. ಎಣ್ಣೆ ತಿಂಡಿಯ ವಿರುದ್ಧ ಪ್ರತಿದಿನ ಬೆಳಗ್ಗೆ ಐದೂವರೆಗೆ ಭಾಷಣ.

"ನಡೆದು ನಡೆದು ಇಲ್ಲೀವರೆಗೂ ಬಂದ್ಬಿಟ್ಟೆ" ಎಂದರು, ಯಾರೂ ಕೇಳದಿದ್ದರೂ. "ನೀವು? ವಿನುತಮ್ಮನಿಗೆ ಗೊತ್ತಾ ಇದು?"

ಮುನಿಕೃಷ್ಣನ ಕೈ ದೋಸೆಯಿಂದ ಎರಡಂಗುಲ ಮೇಲೆ ನಿಂತಿತು. ಬಾಯಿಗೆ ಏನು ಬಂತೋ ಅದನ್ನೇ ಹೇಳಿದ. "ತಿನ್ನೋಕಲ್ಲ ಮೇಷ್ಟ್ರೇ. ನೋಡೋಕೆ."

"ನೋಡೋಕೆ?"

"ಮನೋನಿಗ್ರಹ. ದೋಸೆ ಮುಂದಿಟ್ಕೊಂಡು ಸುಮ್ನೆ ಕೂತ್ಕೊಳ್ಳೋದು. ಆಸೇನ ಗೆಲ್ಲೋ ಅಭ್ಯಾಸ."

ಮೇಷ್ಟ್ರು ಮೂವತ್ತೈದು ವರ್ಷ ಮಕ್ಕಳ ಸುಳ್ಳು ಹಿಡಿದು ಹೆಸರು ಮಾಡಿದವರು. ಇದೊಂದು ಸುಳ್ಳನ್ನು ಕೈಮುಗಿದು ಒಪ್ಪಿಕೊಂಡರು.

"ಎಷ್ಟು ಹೊತ್ತು ಕೂರ್ತೀರಿ?"

"ಹತ್ತು ನಿಮಿಷ."

"ಕೂತ್ಕೊಳ್ಳಿ, ನಾನು ಟೈಮ್ ನೋಡ್ತೀನಿ" ಎಂದು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

ಮುನಿಕೃಷ್ಣ ಕೂತ. ಬೆಣ್ಣೆ ಕರಗಿ ತಟ್ಟೆಗೆ ಇಳಿಯಿತು. ಅವನ ಕಣ್ಣಲ್ಲಿ ನೀರು ತುಂಬಿತು. ಮೇಷ್ಟ್ರು ಅದನ್ನು ವೈರಾಗ್ಯ ಎಂದುಕೊಂಡರು. ನಾಲ್ಕನೇ ನಿಮಿಷಕ್ಕೆ, "ಆರಿಹೋದ್ರೆ ಅನ್ನಕ್ಕೆ ಅವಮಾನ ಕಣ್ರೀ" ಎಂದು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ತಿನ್ನುತ್ತಲೇ ಎಡಗೈಯಲ್ಲಿ ವಿನುತಾಗೆ ಫೋನ್ ಹಚ್ಚಿ, "ನಿಮ್ಮೆಜಮಾನರು ಸಾಮಾನ್ಯರಲ್ಲ ತಾಯಿ, ಋಷಿಗಳು!" ಎಂದು ಎಲ್ಲವನ್ನೂ ವರದಿ ಮಾಡಿದರು. ಚಟ್ನಿ ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ಸ್ಕೂಟರಿನ ಹಿಂದೆ ಕೂತು ಮನೆಯವರೆಗೂ ಸಂಯಮದ ಮಹತ್ವ ವಿವರಿಸಿದರು.

ಅವರನ್ನು ಇಳಿಸಿ, ಹೆಂಡತಿಗೆ ಮುಖ ತೋರಿಸಲಾಗದೆ ಮುನಿಕೃಷ್ಣ ನಿಜವಾಗಿಯೂ ಮಂಡಿಗೆ ಹೋದ. ಮಧ್ಯಾಹ್ನ ಎರಡು ಗಂಟೆಯವರೆಗೆ ಮೂಟೆಗಳ ನಡುವೆ ಖಾಲಿ ಹೊಟ್ಟೆಯಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದ: ಸಾಕು ಈ ನಾಟಕ. ವಿನುತಾಗೆ ನಿಜ ಹೇಳಿ, ಬೈಸಿಕೊಂಡು, ಒಂದು ತುತ್ತು ರುಚಿಯಾದ ಊಟ ಬೇಡಿಬಿಡುವುದು.

ಗೇಟು ತೆಗೆದಾಗಲೇ ಮೂಗಿಗೆ ಬಡಿಯಿತು. ಬೆಲ್ಲ, ಏಲಕ್ಕಿ, ಕಾದ ತುಪ್ಪ. ಒಬ್ಬಟ್ಟು! ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ.

ಊಟದ ಮೇಜಿನಲ್ಲಿ ನರಸಿಂಹಯ್ಯ ಮೇಷ್ಟ್ರು ಬೆರಳು ನೆಕ್ಕುತ್ತಿದ್ದರು.

"ಬಂದ್ರಾ?" ವಿನುತಾ ಅಡುಗೆಮನೆಯಿಂದ ಓಡಿಬಂದಳು. "ನಿಮ್ಮನ್ನ ನಾನು ಎಷ್ಟು ತಪ್ಪು ತಿಳ್ಕೊಂಡಿದ್ದೆ ರೀ! ಬೆಳಗ್ಗೆ ನೀವು ಹೋದ್ಮೇಲೆ ಡಾಕ್ಟರಿಗೆ ಫೋನ್ ಮಾಡಿದ್ದೆ. ಹದಿನೈದು ದಿನಕ್ಕೊಂದ್ಸಲ ಇಷ್ಟ ಬಂದಿದ್ದು ತಿನ್ಲಿ, ಏನಾಗಲ್ಲ ಅಂದ್ರು. ಪಾಪ ಅನ್ನಿಸ್ತು. ನಿಮಗೇ ಅಂತ ಒಬ್ಬಟ್ಟಿಗೆ ಬೇಳೆ ಬೇಯೋಕಿಟ್ಟೆ. ಅಷ್ಟೊತ್ತಿಗೆ ಮೇಷ್ಟ್ರ ಫೋನ್ ಬಂತು. ಇಷ್ಟು ದೊಡ್ಡ ಸಾಧನೆ ಮಾಡ್ತಿರೋರ ಬಾಯಿಗೆ ಒಬ್ಬಟ್ಟು ಹಾಕಿ ನಾನ್ಯಾಕೆ ಪಾಪ ಕಟ್ಕೊಳ್ಲಿ? ಮೇಷ್ಟ್ರನ್ನೇ ಕರೆದು ಬಡಿಸ್ಬಿಟ್ಟೆ."

ಮುನಿಕೃಷ್ಣ ಮೇಜಿನ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ನೋಡಿದ. "ವಿನುತಾ, ಅದು... ಒಂದೂ ಉಳಿದಿಲ್ವಾ?"

"ಅಯ್ಯೋ, ಒಂದು ಎತ್ತಿಟ್ಟಿದೀನಿ ರೀ, ನಿಮಗೋಸ್ಕರಾನೇ!"

ಬಿಸಿ ಒಬ್ಬಟ್ಟನ್ನು ತಟ್ಟೆಗೆ ಹಾಕಿ, ಎರಡು ಚಮಚ ತುಪ್ಪ ಸುರಿದು, ಭಕ್ತಿಯಿಂದ ಗಂಡನ ಮುಂದಿಟ್ಟಳು. ಮುನಿಕೃಷ್ಣ ಕುರ್ಚಿ ಎಳೆದುಕೊಂಡ. ಅಷ್ಟರಲ್ಲಿ ಮೇಷ್ಟ್ರು ಕೈ ಒರೆಸಿಕೊಂಡು, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

"ಹೂಂ, ಕೂತ್ಕೊಳ್ಳಿ ಮುನಿಕೃಷ್ಣ. ಈ ಸಲ ಹದಿನೈದು ನಿಮಿಷ ಮಾಡೋಣ."