ಖೈತಾನ್ ಸ್ಟೇಷನ್ನಿನ ಸಿಗ್ನಲ್ ಕಂಬ

ನಾನಾಗಿ ಯಾವ ತಂಟೆಗೂ ಹೋಗುವವನಲ್ಲ. ತಂಟೆಗಳೇ ಖೈತಾನಿನಲ್ಲಿ ನಮ್ಮ ಕೆಫೆಟೇರಿಯಾ ಎಲ್ಲಿ ಅಂತ ವಿಳಾಸ ಕೇಳಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂರುತ್ತವೆ. ಈ ಸಲದ್ದು ರೈಲು ಹತ್ತಿ ಬಂತು.

ಕುವೈತಿನಲ್ಲಿ ರೈಲೇ ಇಲ್ಲವಲ್ಲ ಅಂತೀರಾ? ಇಲ್ಲ. ಬರುತ್ತದೆ ಬರುತ್ತದೆ ಅಂತ ನಾನು ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಿದ್ದಾರೆ, ನನಗೆ ಮೀಸೆ ಬಂತು, ರೈಲು ಬರಲಿಲ್ಲ. ಅದಕ್ಕೇ ಇರಬೇಕು, ನಮ್ಮ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ರೈಲಿನ ನಾಟಕ ಮಾಡೋಣ ಅಂದರು. ನೂರು ವರ್ಷದ ಹಿಂದೆ ಒಂದು ಹಳ್ಳಿಗೆ ಹಳಿ ಹಾಕಿ, ಸ್ಟೇಷನ್ ಕಟ್ಟಿ, ಮೊದಲ ಗಾಡಿ ಬಂದ ಕಥೆ.

ಪಾತ್ರ ಸಿಕ್ಕಿದ್ದು

ನಾನು ಮತ್ತು ಶಾಲೆ ಒಂಬತ್ತನೇ ಕ್ಲಾಸಿನಲ್ಲಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಈಗ ಅಪ್ಪನ ಕೌಂಟರಿನಲ್ಲಿ ನಿಲ್ಲುತ್ತೇನೆ, ಪ್ರೈವೇಟಾಗಿ ಪರೀಕ್ಷೆಗೆ ಓದುತ್ತೇನೆ ಅಂತ ಹೇಳಿಕೊಳ್ಳುತ್ತೇನೆ. ಆದರೆ ನಾಟಕದಲ್ಲಿ ನನ್ನನ್ನು ಮೀರಿಸುವವರಿಲ್ಲ. ಸ್ಟೇಷನ್ ಮಾಸ್ಟರ್ ನಾನೇ ಅಂತ ಲೆಕ್ಕ ಹಾಕಿ ಕನ್ನಡಿ ಮುಂದೆ ಎದೆ ಉಬ್ಬಿಸಿ ನಡೆಯುವುದನ್ನೂ ಕಲಿತಿದ್ದೆ.

ಆಗ ಬಂದ, ಎಂಜಿನಿಯರ್ ಸಾಹೇಬರ ಮಗ. ನನ್ನ ಹಳೇ ಕ್ಲಾಸ್‌ಮೇಟು. ಹವಲ್ಲಿಯಲ್ಲಿ ಮನೆ, ತೊಂಬತ್ತರ ಮೇಲೆ ಮಾರ್ಕು, ಮುಖದಲ್ಲಿ ಒಂದು ಮೊಡವೆ ಕೂಡ ಇಲ್ಲ. ಜೊತೆಗೆ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದ ಅವನ ಅಜ್ಜಿ. ಅಜ್ಜಿ ಕೈಚೀಲದಿಂದ ಒಂದು ಕರ್ಚೀಫು ತೆಗೆದರು, ಅದನ್ನು ಬಿಚ್ಚಿದರು, ಒಳಗೆ ಹಿತ್ತಾಳೆಯ ಸೀಟಿ.

"ನಮ್ಮಪ್ಪಂದು," ಅಂದರು. "ಮೀಟರ್ ಗೇಜ್ ಕಾಲದಲ್ಲಿ ಸ್ಟೇಷನ್ ಮಾಸ್ಟರಾಗಿದ್ರು. ಈ ಸೀಟಿ ಊದದೆ ಒಂದು ಗಾಡಿನೂ ಹೊರಡ್ತಿರಲಿಲ್ಲ."

ಎಲ್ಲರೂ ಆಹಾ ಅಂದರು. ನಾಟಕ ಆಡಿಸುವ ನರ್ಸಕ್ಕ ಆ ಸೀಟಿಯನ್ನೊಮ್ಮೆ ನೋಡಿದಳು, ಮೊಮ್ಮಗನನ್ನೊಮ್ಮೆ ನೋಡಿದಳು. ಖಲಾಸ್, ನನ್ನ ಪಾತ್ರ ಹೋಯಿತು.

"ಮತ್ತೆ ನಾನು?" ಅಂದೆ.

"ನೀನು ಸಿಗ್ನಲ್ ಕಂಬ. ಉದ್ದ ಇದ್ದೀಯ, ಸಪೂರ ಇದ್ದೀಯ. ಮುಖ್ಯವಾಗಿ, ಕಂಬಕ್ಕೆ ಡೈಲಾಗ್ ಇಲ್ಲ."

ಕೆಲಸ ಇಷ್ಟೇ: ಒಂದು ಕೈಯನ್ನು ಅಡ್ಡಕ್ಕೆ ಚಾಚಿ ನಿಲ್ಲಬೇಕು. ಕೈ ಅಡ್ಡ ಇದ್ದರೆ ಗಾಡಿ ಊರ ಹೊರಗೇ ನಿಲ್ಲಬೇಕು, ಕೈ ಇಳಿದರೆ ಒಳಗೆ ಬರಬಹುದು. ಯಾವಾಗ ಇಳಿಸಬೇಕು ಅಂತ ನಿರ್ಧರಿಸುವವನು ನಾನಲ್ಲ. ಅವನು ಪ್ಲಾಟ್‌ಫಾರಂ ಮೇಲೆ ಒಂದು ಲಿವರ್ ಎಳೆಯುತ್ತಾನೆ, ನನ್ನ ಕೈ ಬೀಳಬೇಕು. ಅವನು ಎಳೆದರೆ ನನ್ನ ಕೈ ಬೀಳಬೇಕಂತೆ! ಹೊಟ್ಟೆಯೊಳಗೆ ಗ್ಯಾಸ್ ಸ್ಟವ್ ಹಚ್ಚಿದ ಹಾಗಾಯಿತು.

ರಾತ್ರಿ ಅಪ್ಪನನ್ನು ಕೇಳಿದೆ, "ನಮ್ಮ ಮುತ್ತಜ್ಜನಿಗೂ ರೈಲಿಗೂ ಏನಾದರೂ ಸಂಬಂಧ ಉಂಟಾ?"

ಅಪ್ಪ ಹಿಟ್ಟು ನಾದುತ್ತಾ ಯೋಚಿಸಿದರು. "ಉಂಟು ಮಾರಾಯ. ಒಮ್ಮೆ ಟಿಕೆಟಿಲ್ಲದೆ ಹತ್ತಿ ಸಿಕ್ಕಿಬಿದ್ದಿದ್ದರಂತೆ."

ಮೂವತ್ತು ಕಿಲೋ

ರಿಹರ್ಸಲ್‌ಗೆ ತಿಂಡಿ ನಮ್ಮ ಕೆಫೆಟೇರಿಯಾದ್ದು. ಅಪ್ಪ ದಿನವೂ ಬಿಸಿ ಖುಬ್ಸ್ ತಂದು, ಒಬ್ಬೊಬ್ಬರ ಮೂಗಿನ ಕೆಳಗೆ ಹಿಡಿದು, "ಮೇಲೆ ನೋಡಿ, ಕರಿ ಎಳ್ಳು! ಇಡೀ ಖೈತಾನಿನಲ್ಲಿ ಬೇರೆ ಯಾರೂ ಹಾಕುದಿಲ್ಲ" ಅನ್ನುತ್ತಿದ್ದರು. ರೊಟ್ಟಿ ತಿನ್ನುವ ಮೊದಲು ಈ ಭಾಷಣ ತಿನ್ನಬೇಕು.

ತಿಂಡಿಯ ಆಸೆಗೆ ಪ್ರಯಾಣಿಕರಾಗಲು ಜನ ತುಂಬಾ ಬಂದರು. ಆದರೆ ಇಲ್ಲಿ ಎಲ್ಲರಿಗೂ ಗೊತ್ತಿರುವುದು ವಿಮಾನ ಒಂದೇ. ಮೂರನೇ ಕ್ಲಾಸಿನ ಡಬ್ಬಿಗೆ ಹತ್ತುವ ಹಳ್ಳಿ ಹೆಂಗಸಾಗಿದ್ದ ಬ್ಯಾಂಕಿನ ಆಂಟಿ ಟಿಕೆಟ್ ಕಿಟಕಿಗೆ ಬಂದು ಮೊದಲು ಕೇಳಿದ್ದು, "ವಿಂಡೋ ಸೀಟ್ ಸಿಗುತ್ತಾ?" ಅವರ ಗಂಡ ಹಿಂದಿನಿಂದ ತಗಡಿನ ಟ್ರಂಕನ್ನು ತಕ್ಕಡಿಯಿಲ್ಲದೆ ಕೈಯಲ್ಲೇ ತೂಗಿ, "ಮೂವತ್ತು ಕಿಲೋ ದಾಟಿದೆ ಕಣೇ, ನಿನ್ನ ಉಪ್ಪಿನಕಾಯಿ ತೆಗಿ" ಅಂದರು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಆಗ ಯಾರು ತೂಗ್ತಿದ್ರು? ಆಡು, ಕೋಳಿ, ಬಾಣಂತಿ, ಒರಳುಕಲ್ಲು, ಎಲ್ಲ ಹತ್ತೋದು."

ಒಬ್ಬ ಪುಟ್ಟ ಹುಡುಗ ಆಡಿನ ಪಾತ್ರದಲ್ಲಿದ್ದ. ಅವನು ಗಾಬರಿಯಿಂದ ಕೇಳಿದ, "ಅಜ್ಜಿ, ಡು ಐ ನೀಡ್ ಎ ವೀಸಾ?"

ಸ್ಟಿಯರಿಂಗ್

ಎಂಜಿನ್ ಡ್ರೈವರ್ ಪಾತ್ರಕ್ಕೆ ನಿಜವಾದ ಡ್ರೈವರನ್ನೇ ಹಿಡಿದರು. ಮಹಬೂಲಾದ ಫ್ಲ್ಯಾಟುಗಳಿಗೆ ನೀರಿನ ಟ್ಯಾಂಕರ್ ಓಡಿಸುವ ಭಾಯಿ, ನಮ್ಮ ಮಂಗಳೂರಿನವರೇ. ರಟ್ಟಿನ ಎಂಜಿನ್ ಸೊಂಟಕ್ಕೆ ಕಟ್ಟಿದೆವು. ಅವರ ಹಿಂದೆ ಡಬ್ಬಿಗಳು, ಡಬ್ಬಿಯೊಳಗೆ ಜನ. ಭಾಯಿ ಹೊರಟವರೇ ಎರಡೂ ಕೈಯಲ್ಲಿ ಗಾಳಿಯನ್ನು ತಿರುಗಿಸುತ್ತಾ ಕುರ್ಚಿಗಳ ಸಾಲಿಗೆ ಒಂದು ಸುತ್ತು ಹಾಕಿದರು. ಇಡೀ ಗಾಡಿ ಹಿಂದೆ ಹಿಂದೆ.

ನರ್ಸಕ್ಕ ಕೂಗಿದಳು, "ಭಾಯಿ, ರೈಲಿಗೆ ಸ್ಟಿಯರಿಂಗ್ ಇಲ್ಲ!"

ಭಾಯಿ ನಿಂತರು. ಇಪ್ಪತ್ತು ವರ್ಷ ಲೈಸೆನ್ಸ್ ಇಟ್ಟುಕೊಂಡವರ ಮುಖದಲ್ಲಿ ನಿಜವಾದ ಭಯ ಕಂಡಿತು. "ಸ್ಟಿಯರಿಂಗ್ ಇಲ್ಲದೆ ಓಡಿಸ್ತಾರಾ? ಮುರೂರಿನವರು ಸುಮ್ಮನೆ ಬಿಡ್ತಾರಾ?"

ಮುರೂರ್ ಅಂದರೆ ಇಲ್ಲಿಯ ಟ್ರಾಫಿಕ್ ಪೊಲೀಸು.

ಅಜ್ಜಿಯ ಪಾಠ ಮತ್ತು ಐಸ್‌ಕ್ರೀಂ

ಒಂದು ಸಂಜೆ ಅಜ್ಜಿ ಎಲ್ಲರನ್ನೂ ಕೂರಿಸಿ ಸ್ಟೇಷನ್ನಿನ ದಿನಚರಿ ಹೇಳಿದರು. ತುಂಡು ಹಳಿಯನ್ನೇ ತೂಗುಹಾಕಿ ಗಂಟೆ ಮಾಡಿದ್ದು. ಸಂಜೆಯಾದರೆ ಒಬ್ಬ ಆಳು ಸಿಗ್ನಲ್ ಕಂಬ ಹತ್ತಿ ಸೀಮೆಎಣ್ಣೆ ದೀಪ ಇಡುತ್ತಿದ್ದದ್ದು. ಪಕ್ಕದ ಸ್ಟೇಷನ್ನಿಗೆ ತಂತಿಯಲ್ಲಿ ಕಟಕಟ ಬಡಿದು "ಗಾಡಿ ಬಿಡಲಾ?" ಅಂತ ಕೇಳಿ, ಅವರು "ಬಿಡು" ಅಂದ ಮೇಲೆಯೇ ಬಿಡುತ್ತಿದ್ದದ್ದು. ಪ್ರತಿ ಮಾತಿಗೂ ಎಲ್ಲರೂ ಆ ಮೊಮ್ಮಗನ ಕಡೆ ನೋಡಿ ತಲೆದೂಗುವುದು, ಅವನೇ ಹಳಿ ಹಾಕಿಸಿದ ಹಾಗೆ!

ನನಗೆ ತಡೆಯಲಿಲ್ಲ. ಅಜ್ಜಿ, "ಸಿಗ್ನಲ್ ಕೈ ಕೆಟ್ಟು ನಿಂತರೆ ನಮ್ಮಪ್ಪ ಏನು ಮಾಡ್ತಿದ್ರು ಗೊತ್ತಾ..." ಅನ್ನುವಾಗ ನಾನು ಮೆಲ್ಲಗೆ ಎದ್ದು ಹಿಂದಿನ ಮೇಜಿಗೆ ಹೋದೆ. ಅಲ್ಲಿ ರೈಲಿನ ಸದ್ದು ಹಾಕುವ ಮೊಬೈಲ್ ಇತ್ತು. ಅದರಲ್ಲಿ ರೈಲು ತೆಗೆದು, ನಮ್ಮ ಬೀದಿಗೆ ಬರುವ ಐಸ್‌ಕ್ರೀಂ ಗಾಡಿಯ ಟಿಣಿಟಿಣಿ ಇಟ್ಟೆ.

ಪಾಠ ಮುಗಿದು ರಿಹರ್ಸಲ್ ಶುರುವಾಯಿತು. ಅವನು ಗತ್ತಿನಿಂದ ಕೈ ಎತ್ತಿ, "ಕೇಳಿ ಜನಗಳೇ, ದೂರದಲ್ಲಿ ಗಾಡಿಯ ಸದ್ದು!" ಅಂದ. ಟಿಣಿಟಿಣಿ ಟಿಣಿಟಿಣಿ. ಅರ್ಧ ಹಳ್ಳಿ ಬಾಗಿಲು ತೆಗೆದು ಬೀದಿಗೆ ಓಡಿತು. ಎಲ್ಲರಿಗಿಂತ ಮುಂದೆ ಆಡು, ಅದರ ಹಿಂದೆ ಎಂಜಿನ್ ಸಮೇತ ಭಾಯಿ.

ನರ್ಸಕ್ಕ ನನ್ನ ಕಿವಿ ಹಿಡಿದಳು. ಎಂಜಿನಿಯರ್ ಮಗ ಬಂದು, "ಬಿಡಿ ಆಂಟಿ, ಇಟ್ಸ್ ಓಕೆ, ಅವನು ತಮಾಷೆಗೆ ಮಾಡಿದ್ದು" ಅಂದ. ನೋಡಿ, ಕೋಪ ಕೂಡ ಮಾಡಿಕೊಳ್ಳಲ್ಲ. ಇಂಥವನ ಜೊತೆ ಮನುಷ್ಯ ಹೇಗೆ ಜಗಳ ಆಡುವುದು?

ಗಾಡಿ ಬಂದ ದಿನ

ನಾಟಕದ ಮೊದಲು ಎರಡು ಕೆಲಸ ಇಟ್ಟುಕೊಂಡಿದ್ದೆ. ಒಂದು, ಮೇಕಪ್ ಕೋಣೆಯಲ್ಲಿ ನೇತುಹಾಕಿದ್ದ ಅವನ ಕೋಟಿನ ಕಿಸೆಯಿಂದ ಸೀಟಿ ತೆಗೆದು, ಅಗಿದ ಖುಬ್ಸ್ ಉಂಡೆಯನ್ನು ಅದರ ಹೊಟ್ಟೆಗೆ ತುರುಕುವುದು. ಅದನ್ನು ಮುಗಿಸಿದೆ. ಎರಡನೆಯದು ಇನ್ನೂ ಸುಲಭ: ಏನೂ ಮಾಡದಿರುವುದು. ಅವನು ಲಿವರ್ ಎಳೆದಾಗ ಕೈ ಇಳಿಸದಿರುವುದು.

ಹಾಲ್ ತುಂಬಿತ್ತು. ಗಾಡಿ ಪ್ರೇಕ್ಷಕರ ಹಿಂದಿನ ಬಾಗಿಲಲ್ಲಿ ಬುಸುಗುಡುತ್ತಿತ್ತು. ನಾನು ವೇದಿಕೆಯ ತುದಿಯಲ್ಲಿ ಮೈಗೆಲ್ಲ ಬಿಳಿ ಬಟ್ಟೆ ಸುತ್ತಿಕೊಂಡು, ಕೆಂಪು ಬಳಿದ ಕೈ ಚಾಚಿ ನಿಂತಿದ್ದೆ. ಅವನು ಲಿವರ್ ಎಳೆದ. ನನ್ನ ಕೈ ಇಳಿಯಲಿಲ್ಲ. ಮತ್ತೆ ಎಳೆದ. ನಾನು ಅಲುಗಾಡದೆ ನಿಂತೆ. ಪರದೆಯ ಸಂದಿಯಿಂದ ನರ್ಸಕ್ಕ, "ಇಳಿಸೋ! ಇಳಿಸೋ ಹಾಳಾದವನೇ!" ಅನ್ನುತ್ತಿದ್ದಳು. ನಾನು ಕಬ್ಬಿಣ, ನನಗೆ ಕಿವಿ ಎಲ್ಲಿದೆ?

ಹಿಂದಿನಿಂದ ಭಾಯಿ ಕೂಗಿದರು, "ಯಲ್ಲಾ ಮಾರಾಯ, ಸಿಗ್ನಲ್ ಕೆಂಪಿದೆ, ನಾನು ಬರುದಿಲ್ಲ! ಫೈನ್ ಯಾರು ಕಟ್ಟುದು?"

ಜನ ನಕ್ಕರು. ಅವನ ಹಣೆಯಲ್ಲಿ ಬೆವರು. ನನ್ನ ಹೊಟ್ಟೆಯೊಳಗಿನ ಸ್ಟವ್ ಕೊನೆಗೂ ಆರಿತು. ಆಹಾ, ಎಷ್ಟು ತಂಪು!

ಆಗ ಮುಂದಿನ ಸಾಲಿನಿಂದ ಅಜ್ಜಿ ಎದ್ದರು. "ಬಾವುಟ ತಗೊಂಡು ನಡಿ ಕಂದಾ! ನಮ್ಮಪ್ಪ ಹಾಗೇ ಮಾಡ್ತಿದ್ದಿದ್ದು!"

ನಾನು ಎದ್ದುಹೋದ ಪಾಠದ ಉಳಿದರ್ಧ ಅದು. ಸಿಗ್ನಲ್ ಕೆಟ್ಟರೆ ಸ್ಟೇಷನ್ ಮಾಸ್ಟರ್ ತಾನೇ ಹಸಿರು ಬಾವುಟ ಹಿಡಿದು ಹಳಿಗುಂಟ ನಡೆದುಹೋಗಿ ಗಾಡಿಯನ್ನು ಕರೆದು ತರುತ್ತಿದ್ದರಂತೆ.

ಅವನು ಟೋಪಿ ಸರಿಮಾಡಿಕೊಂಡ. ಹಸಿರು ಬಾವುಟ ಎತ್ತಿ ವೇದಿಕೆ ಇಳಿದ. ಜನರ ನಡುವೆ ನಿಧಾನವಾಗಿ ನಡೆದು ಹಿಂದಿನ ಬಾಗಿಲಿಗೆ ಹೋದ. ಆಮೇಲೆ ಅವನು ಮುಂದೆ, ಗಾಡಿ ಹಿಂದೆ. ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ. ನನ್ನ ಎದುರು ಬಂದಾಗ ಕತ್ತೆತ್ತಿ ನೋಡಿ, "ಪಾಪ, ಸಿಗ್ನಲ್ ಕೆಟ್ಟಿದೆ" ಅಂದ. ಇನ್ನೊಂದು ಚಪ್ಪಾಳೆ. ಸ್ಕ್ರಿಪ್ಟಿನಲ್ಲಿ ಅವನಿಗೆ ಅಷ್ಟು ಒಳ್ಳೆಯ ಸೀನೇ ಇರಲಿಲ್ಲ, ನಾನೇ ಬರೆದುಕೊಟ್ಟ ಹಾಗಾಯಿತು.

ಹೋಗಲಿ, ಸೀಟಿ ಇದೆಯಲ್ಲ ಅಂತ ಕಾದೆ. ಗಾಡಿ ಹೊರಡುವ ಹೊತ್ತು ಅವನು ಸೀಟಿ ಬಾಯಿಗಿಟ್ಟು ಊದಿದ. ಉಸ್ ಅಂತ ಗಾಳಿಯೂ ಬರಲಿಲ್ಲ. ಅವನು ದಿಕ್ಕುತೋಚದೆ ಜನರ ಕಡೆ ಎರಡೂ ಕೈ ಚಾಚಿದ. ಜನ ಅದನ್ನು ತಮಗೇ ಕೊಟ್ಟ ಅಪ್ಪಣೆ ಅಂದುಕೊಂಡು ಬಾಯಿಗೆ ಬೆರಳಿಟ್ಟು ಒಟ್ಟಿಗೇ ಸಿಳ್ಳೆ ಹೊಡೆದರು. ಮಾಡಿನ ಎಸಿ ನಡುಗಿತು. ಗಾಡಿ ಹೊರಟಿತು.

ನಾಟಕ ಮುಗಿದ ಮೇಲೆ ಒದೆ ತಿನ್ನಲು ತಯಾರಾಗಿ ನಿಂತಿದ್ದೆ. ಅಜ್ಜಿ ನೇರ ನನ್ನ ಹತ್ತಿರ ಬಂದು ಕೆನ್ನೆ ಸವರಿದರು. "ಬೇಕಂತಲೇ ಕೈ ಇಳಿಸಲಿಲ್ಲ, ಅಲ್ವಾ? ನನ್ನ ಮೊಮ್ಮಗನಿಗೆ ನಮ್ಮಪ್ಪನ ಹಾಗೆ ನಡೆಯೋ ಅವಕಾಶ ಸಿಗಲಿ ಅಂತ! ಎಂಥಾ ದೊಡ್ಡ ಮನಸ್ಸೋ ನಿಂದು!"

ನಾನು ದೊಡ್ಡ ಮನಸ್ಸಿನವನ ಹಾಗೆ ತಲೆ ತಗ್ಗಿಸಿದೆ.

ಅಜ್ಜಿ ಮೊಮ್ಮಗನ ಕೈಯಿಂದ ಸೀಟಿ ಇಸಿದುಕೊಂಡು ನನಗೆ ಕೊಟ್ಟರು. "ತಗೋ, ನೀನೊಂದು ಸಲ ಊದು."

ಇಷ್ಟು ದಿನ ಯಾವುದಕ್ಕಾಗಿ ಉರಿದೆನೋ ಅದು ನನ್ನ ಅಂಗೈಯಲ್ಲಿ. ಸುತ್ತ ನರ್ಸಕ್ಕ, ಭಾಯಿ, ಆಡು, ತಿಂಡಿ ಬುಟ್ಟಿ ಹಿಡಿದ ಅಪ್ಪ, ಎಲ್ಲರೂ ನೋಡುತ್ತಿದ್ದಾರೆ. ಒಳಗೇನಿದೆ ಅಂತ ಗೊತ್ತಿರುವವನು ನಾನೊಬ್ಬನೇ. ಸುಮ್ಮನೆ ತುಟಿಗೆ ತಾಗಿಸಿ ಕೊಟ್ಟುಬಿಡೋಣ ಅಂದರೆ ಅಜ್ಜಿ ಬಿಡಬೇಕಲ್ಲ. "ಜೋರಾಗಿ ಊದೋ, ಗಂಡಸಲ್ವಾ!"

ಕಣ್ಣು ಮುಚ್ಚಿ ಊದಿದೆ. ಫಟ್ ಅಂತ ಉಂಡೆ ಹಾರಿ ಎಂಜಿನಿಯರ್ ಮಗನ ಕರಿ ಕೋಟಿನ ಎದೆಗೆ ಮೆಡಲಿನ ಹಾಗೆ ಅಂಟಿತು.

ಅವನು ಅದನ್ನು ಎರಡು ಬೆರಳಲ್ಲಿ ಕಿತ್ತು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. "ಖುಬ್ಸ್ ಥರ ಇದೆ," ಅಂದ. "ಕರಿ ಎಳ್ಳು ಬೇರೆ ಇದೆ. ಯಾರದ್ದಿರಬಹುದು?"

ಅಪ್ಪ ಗುಂಪನ್ನು ಸೀಳಿಕೊಂಡು ಮುಂದೆ ಬಂದರು. ಹೆಮ್ಮೆಯಿಂದ ಅವರ ಮುಖ ಹೊಳೆಯುತ್ತಿತ್ತು.

"ನಮ್ಮದೇ! ಇಡೀ ಖೈತಾನಿನಲ್ಲಿ ಬೇರೆ ಯಾರೂ ಹಾಕುದಿಲ್ಲ!"