ರೊಟ್ಟಿ ಡಬ್ಬಿಯ ಲಾಗ

"ಇದು ಹಾರೂದಿಲ್ಲ ಟೀಚರ್," ಎಂದರು ಸ್ಪರ್ಧೆಯ ಮೈದಾನದಲ್ಲಿ ಗದಗಿನ ರಾಕೆಟ್ ಸಂಘದ ಅಧ್ಯಕ್ಷ ಚನ್ನವೀರಪ್ಪ. "ನಿಯಮ ಓದೀರಿಲ್ಲೋ? ಅಗಲದ ಹತ್ತು ಪಟ್ಟು ಉದ್ದ ಇರಬೇಕು. ಇದು ರೊಟ್ಟಿ ಡಬ್ಬಿ."

"ಹೌದು, ರೊಟ್ಟಿ ಡಬ್ಬೀನ," ಎಂದಳು ನಿವೃತ್ತ ವಿಜ್ಞಾನ ಶಿಕ್ಷಕಿ ನೀಲಗಂಗಾ.

ಅಕ್ಕ ಸಿದ್ದವ್ವನಿಂದ ಎರವಲು ತಂದ ಮೊಳದಗಲದ, ಗೇಣೆತ್ತರದ ಸ್ಟೀಲ್ ಡಬ್ಬಿ ಅದು. ಅದನ್ನು ಬೋರಲು ಹಾಕಿ, ತಳವನ್ನು ಮೂತಿ ಮಾಡಿ, ಅಲ್ಲಿ ಅರ್ಧ ಕಿಲೋ ಕಬ್ಬಿಣ ಕೂರಿಸಿ, ಕೆಳಗಿನ ಮುಚ್ಚಳಕ್ಕೆ ತನ್ನ ಹೊಸ ಎಂಜಿನ್ ಬಿಗಿದಿದ್ದಳು. ಗಾಳಿಯನ್ನೇ ಇಂಧನ ಮಾಡಿಕೊಳ್ಳುವ ಎಂಜಿನ್. ಒಮ್ಮೆ ಹೊತ್ತಿದರೆ ಆರುವ ಮಾತೇ ಇಲ್ಲ.

"ಅಗಲ ಇದ್ರ ಗಾಳಿ ಹಿಡಿದು ಎಳೀತದ."

"ಎಳೀಲಿ. ಹಿಂದಿನಿಂದ ಎಳದ್ರನ ಮೂತಿ ನೆಟ್ಟಗ ನಿಲ್ಲೂದು. ಗಾಳಿಪಟಕ್ಕ ಬಾಲಂಗೋಚಿ ಯಾಕ ಕಟ್ತೀರಿ? ಭಾರ ಮುಂದ, ಎಳೆತ ಹಿಂದ. ಮುಗೀತು."

"ನೂರಡಿ ನೆಟ್ಟಗ ಏರದಿದ್ರ ಸಂಘ ಬಿಡ್ರಿ."

ಸಂಘ ಕಟ್ಟಿದವಳೇ ಅವಳು! ನೀಲಗಂಗಾಗೆ ಮೈಯೆಲ್ಲ ಉರಿಯಿತು. "ಬಿಡ್ತೀನಿ. ಏರಿದ್ರ ನೀವು ಆ ನಿಯಮ ಹರೀಬೇಕು," ಎಂದು ಗುಂಡಿ ಒತ್ತಿಯೇಬಿಟ್ಟಳು.

ಡಬ್ಬಿ ಹತ್ತಡಿ ಏರಿತು. ಅಲ್ಲೇ ಲಾಗ ಹಾಕಿತು! ಮೈಕಿನ ಕಂಬ ಬೀಳಿಸಿ, ಬಹುಮಾನದ ಲೋಟಗಳನ್ನು ಚೆಲ್ಲಾಡಿ, ಅಧ್ಯಕ್ಷರನ್ನು ಮೇಜಿನ ಕೆಳಗೆ ಅಟ್ಟಿತು. ಭಾರ ಹಿಂದೆ ಬಿದ್ದ ರಾಕೆಟ್ ಮಾತ್ರ ಹೀಗೆ ಕುಣಿಯುವುದು. ನೀಲಗಂಗಾ ತಿರುಗಿ ನೋಡಿದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದವಳು ಸಿದ್ದವ್ವ.

"ಅಕ್ಕಾ, ಒಳಗ ಏನರ ಇಟ್ಟಿಯೇನು?"

"ಶೇಂಗಾ ಉಂಡಿ, ಇಪ್ಪತ್ತು. ಖಾಲಿ ಡಬ್ಬಿ ಯಾರರ ಕಳಸ್ತಾರೇನು? ಮುಚ್ಚಳ ತಗದು ಇಟ್ಟೆ."

"ಮೂತಿ ಕಡೆ ಇಡಬಾರದಿತ್ತೇನು?"

"ಡಬ್ಬಿಗೆ ಮೂತಿ ಇರತದಂತ ನನಗೇನು ಗೊತ್ತು?"

ಅಷ್ಟರಲ್ಲಿ ಡಬ್ಬಿ ತಲೆಕೆಳಗಾಗಿ ಶಾಮಿಯಾನದ ಬಟ್ಟೆಗೆ ನುಗ್ಗಿತು. ಒಳಗಿನ ಉಂಡಿಗಳೆಲ್ಲ ದಬದಬನೆ ಮೂತಿಗೆ ಬಡಿದವು. ಎಂಜಿನ್ನಿನ ಬಿಸಿಗೆ ಮೊದಲೇ ಬೆಲ್ಲ ಕರಗಿತ್ತು. ಬಡಿದವು ಅಲ್ಲೇ ಅಂಟಿಕೊಂಡವು. ಬಟ್ಟೆ ಜಗ್ಗಿ, ಡಬ್ಬಿಯನ್ನು ಮೂತಿ ಮೇಲಾಗುವಂತೆ ತಿರುಗಿಸಿ ಮೇಲಕ್ಕೆ ಚಿಮ್ಮಿಸಿತು.

ಆಮೇಲೆ ಅದು ಒಂದಿಷ್ಟೂ ಅತ್ತಿತ್ತ ಅಲುಗಲಿಲ್ಲ. ನೂರಡಿ, ಸಾವಿರ ಅಡಿ ದಾಟಿ ಚುಕ್ಕೆಯಾಯಿತು. ನೀಲಗಂಗಾಗೆ ಕಣ್ಣು ತುಂಬಿ ಬಂತು.

"ಉಂಡಿ ತುಂಬೂದು ನಿಯಮದಾಗ ಇಲ್ಲ," ಮೇಜಿನ ಕೆಳಗಿನಿಂದ ದನಿ ಬಂತು.

"ಹರಿಯೂ ನಿಯಮದ ಮಾತು ಯಾಕ್ರಿ? ಹೊರಗ ಬಂದು ಹರೀರಿ."

ಅವರು ನಿಯಮದ ಹಾಳೆ ಹರಿದರು. ಜನ ಚಪ್ಪಾಳೆ ತಟ್ಟಿದರು.

ಡಬ್ಬಿ ಇನ್ನೂ ಇಳಿದಿಲ್ಲ. ಗಾಳಿ ಇರುವತನಕ ಇಳಿಯುವುದೂ ಇಲ್ಲ. ದಿನಾ ಸಂಜೆ ಊರ ಮೇಲೆ ಒಂದು ಸುತ್ತು ಹಾಕುತ್ತದೆ. ಸಿದ್ದವ್ವ ಮಾಳಿಗೆ ಹತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಅದು ಮರೆಯಾಗುವವರೆಗೂ ನೋಡುತ್ತಾಳೆ.

"ಅವಸರ ಏನಿಲ್ಲ ತಂಗಿ," ಎನ್ನುತ್ತಾಳೆ. "ವಾಪಸ್ ಕೊಡುವಾಗ ಖಾಲಿ ಕೊಡಬ್ಯಾಡ, ಅಷ್ಟ."