ಸಾವಂತ್ರೆವ್ವನ ಥ್ರೆಡ್ ದಿಗ್ವಿಜಯ

ಶ್ವೇತವರಾಹಕಲ್ಪದ, ವೈವಸ್ವತ ಮನ್ವಂತರದ, ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತಖಂಡಕ್ಕೆ ಸೇರಿದ ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಣ ತಗಡಿನ ಶೆಡ್ಡಿನೊಳಗೆ, ಕರೆಂಟ್ ಇದ್ದ ಶುಭಮುಹೂರ್ತದಲ್ಲಿ, ಸೀರೆಯ ಮೇಲೆ ಖಾಕಿ ಕೋಟು ತೊಟ್ಟ ವೀರಾಂಗನೆಯೊಬ್ಬಳು ಲೋಹ ಕಡೆಯುವ ಹಳೆಯ ಲೇಥಿನ ಮುಂದೆ ನಿಂತಳು. ತಿರುಗುವ ಸಕಲಕ್ಕೂ ಒಡತಿಯಾದ ದೇವಿಯೇ, ಅವಳ ಪರಾಕ್ರಮವನ್ನು ನುಡಿಸು!

ಅವಳೇ ಅರಘರ್ಷಣಧುರಂಧರೆ, ಲೋಹಧೂಳಿಧೂಸರಿತಭ್ರೂಲತೆ, ಇಬ್ಬರು ಮಕ್ಕಳ ತಾಯಿ ಸಾವಂತ್ರೆವ್ವ. ಬೇರೆಯವರು ಕಡೆದ ಬೋಲ್ಟುಗಳ ಅಂಚನ್ನು ಮೂಲೆಯ ಬೆಂಚಿನಲ್ಲಿ ಕೂತು ಅರದಿಂದ ಉಜ್ಜುವುದಷ್ಟೇ ಇದುವರೆಗೆ ಅವಳ ಸಾಮ್ರಾಜ್ಯವಾಗಿತ್ತು. ಅಂದು ಬೆಳಿಗ್ಗೆ ಶೆಡ್ಡಿನ ಒಡೆಯ, ತಾಂಬೂಲರಕ್ತಾಧರ ಮೌನೇಶಪ್ಪ ಶಾಸನ ಹೊರಡಿಸಿದ್ದ: "ಊಟದ ಹೊತ್ತಿಗೆ ಒಂದು ಬೋಲ್ಟಿಗೆ ಥ್ರೆಡ್ ಹಾಕಿ ತೋರ್ಸು. ನಟ್ ಕುಂತ್ರ ಈ ಲೇಥ್ ನಿನಗ. ಕುಂದರಲಿಲ್ಲಂದ್ರ ಮತ್ತ ಅರಾ ಹಿಡಿ."

ಆ ಲೇಥಿನ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದ್ದ ಮಹಾರಥಿ ಕಲ್ಮೇಶ ಗಹಗಹಿಸಿದ. "ಅಕ್ಕಾ, ಇದು ಚಕ್ಕುಲಿ ಒತ್ತಿದಂಗಲ್ಲ!"

"ನಿಮ್ಮನಿ ಚಕ್ಕುಲಿನೂ ತಿಂದೀನಿ, ನೀ ಹಾಕಿದ ಥ್ರೆಡ್ಡೂ ಉಜ್ಜೀನಿ. ಎರಡರಾಗೂ ಹಲ್ಲು ಮುರೀತಾವು."

ಬಳಿಕ ಕುಂಕುಮಶೋಭಿತಫಾಲೆ ಅಷ್ಟದಿಕ್ಕುಗಳೂ, ಅವುಗಳ ಜೊತೆಗೆ ತಗಡಿನ ಮಾಡೂ ಅದುರುವಂತೆ ಗರ್ಜಿಸಿದಳು: "ಕೇಳ್ರಪಾ ಎಲ್ಲಾರೂ! ನನ್ನ ಬೋಲ್ಟಿನ ಮ್ಯಾಲೆ ನಟ್ ಇಟ್ರ, ಬೆರಳು ಹಚ್ಚದ ತಾನ ಇಳೀಬೇಕು. ಇಳೀಲಿಲ್ಲಂದ್ರ ನಾ ಸಾವಂತ್ರೆವ್ವನ ಅಲ್ಲ!"

ಯುದ್ಧ ಮೊದಲಾಯಿತು. ಚಕ್ಕಿನ ಉಕ್ಕಿನ ಮುಷ್ಟಿಯಲ್ಲಿ ಬೋಲ್ಟ್ ಗರಗರನೆ ತಿರುಗಿತು; ಟೂಲಿನ ವಜ್ರನಖ ಅದರ ಮೈಮೇಲೆ ಥ್ರೆಡ್ಡನ್ನು ಸುತ್ತುಸುತ್ತಾಗಿ ಗೀರುತ್ತ ಮುನ್ನುಗ್ಗಿತು. ಮುಂದೆ ಬೋಲ್ಟಿನ ದಪ್ಪ ತಲೆ ಕಾಲಭೈರವನಂತೆ ಕಾದು ನಿಂತಿತ್ತು. ಟೂಲಿನ ಓಟ ನಿಲ್ಲಿಸುವ ಲಿವರನ್ನು ಅರೆಕ್ಷಣ ತಡವಾಗಿ ಎತ್ತಿದರೂ ಟೂಲ್ ಅದಕ್ಕೆ ಬಡಿದು ಚೂರು! ಆದರೆ ಉಕ್ಕುವ ಹಾಲನ್ನು ಪಾತ್ರೆಯ ಅಂಚಿನಲ್ಲೇ ತಡೆಯಬಲ್ಲ ಕೈ ಅದು. ಸರಿಯಾದ ಗಳಿಗೆಗೆ ಲಿವರ್ ಎತ್ತಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಪ್ರತಿ ಸಲವೂ ಗೀರು ಇನ್ನಷ್ಟು ಆಳಕ್ಕೆ. ಎಣ್ಣೆಯ ಹೊಗೆ ಹೋಮಧೂಮದಂತೆ ಎದ್ದಿತು.

ಮೌನೇಶಪ್ಪ ಚಕ್ಕಿನಲ್ಲಿದ್ದ ಬೋಲ್ಟಿಗೇ ನಟ್ ಹಚ್ಚಿ ನೋಡಿದ. ಅದು ಬಿಗಿಯಾಗಿ, ಬಿಂಕದಿಂದ, ಬೆರಳಿಗೆ ಸೋತು ತಿರುಗಿ ಕೂತಿತು. "ಬಂತವ್ವಾ. ಸಾಕು."

"ಬೆರಳು ಹಚ್ಚಿದ್ರಿ!" ಕಲ್ಮೇಶ ಕೂಗಿದ. "ತಾನ ಇಳೀತದಂದಿದ್ಲು!"

ಪ್ರತಿಜ್ಞಾಪಾಲನದೀಕ್ಷಿತೆಯ ಮೂಗು ಕೆಂಪೇರಿತು. "ತಡೀರಿ, ಇನ್ನೊಂದು ಸಲ."

"ಬ್ಯಾಡ, ಸಾವಂತ್ರಿ."

ಇನ್ನೊಂದು ಸಲವಾಯಿತು. ಅದರ ಮೇಲೆ ಮತ್ತೊಂದು. ನುಣ್ಣಗಾಗುವವರೆಗೆ ಉಜ್ಜಿಯೇ ಅಭ್ಯಾಸವಾದ ಕೈ, ನಿಲ್ಲಿಸುವುದನ್ನು ಯಾರಿಂದ ಕಲಿತೀತು? ಥ್ರೆಡ್ಡಿನ ಹಲ್ಲುಗಳು ಕೂದಲಿನಷ್ಟು ತೆಳುವಾದವು, ಕೊನೆಗೆ ಉದುರಿದವು. ಅದನ್ನು ನೋಡದ ವೀರೆ ಬೋಲ್ಟನ್ನು ಬಿಚ್ಚಿ, ವಿಜಯಸ್ತಂಭದಂತೆ ನೆಟ್ಟಗೆ ಎತ್ತಿಹಿಡಿದು, ಅದರ ತುದಿಗೆ ನಟ್ ಇಟ್ಟಳು.

ನಟ್ ಇಳಿಯಿತು. ಬೆರಳು ಹಚ್ಚದೆ, ಒಂದು ಸುತ್ತೂ ತಿರುಗದೆ, ಹಗ್ಗ ಹರಿದ ಕೊಡ ಬಾವಿಗೆ ಬಿದ್ದಂತೆ ತಟಕ್ಕನೆ. ಬೋಲ್ಟನ್ನು ಓರೆ ಮಾಡಿದಳು, ನಟ್ ಜಾರಿ ಟಣ್ ಎಂದು ನೆಲಕ್ಕೆ ಬಿದ್ದು ಉರುಳಿತು.

"ಮಾತು ಉಳಿಸ್ಕೊಂಡ್ಲು ನೋಡ್ರಪಾ!" ಕಲ್ಮೇಶ ಹೊಟ್ಟೆ ಹಿಡಿದು ನಗುತ್ತ ಕೂತ.

ಸಾವಂತ್ರೆವ್ವ ಕಣ್ಣಿಗೆ ಬಂದದ್ದನ್ನು ಕೋಟಿನ ತೋಳಿಗೆ ಒರೆಸಿ ಮೂಲೆಯ ಬೆಂಚಿನತ್ತ ಹೊರಟಳು.

"ಎಲ್ಲಿಗೆ?" ಎಂದ ಮೌನೇಶಪ್ಪ.

"ಅರಾ ಹಿಡೀಲಿಕ್ಕೆ."

"ನಟ್ ಕುಂತದ್ದು ನಾ ನೋಡೀನಿ. ಆಮ್ಯಾಲಿಂದು ನಿನ್ನ ಸೊಕ್ಕು." ಅವನು ಕಸಬರಿಗೆಯನ್ನು ಅವಳ ಕೈಗಿಟ್ಟು, ಲೇಥಿನ ಕೆಳಗೆ ರಾಶಿಬಿದ್ದ ಉಕ್ಕಿನ ಸಿಪ್ಪೆ ತೋರಿಸಿದ. "ಯಾರ ಲೇಥೋ ಅವರ ಕಸ. ಇಲ್ಲಿ ಅದ ಪದ್ಧತಿ. ಬಳಿ."

ತ್ರಿಭುವನವಿಜಯಿನಿ ಸಾವಂತ್ರೆವ್ವ ಮೊಣಕಾಲೂರಿ, ಲೇಥಿನ ಕೆಳಗೆ ತಲೆ ತೂರಿಸಿ, ಮೂಲೆಮೂಲೆ ಬಿಡದೆ ಕಸ ಬಳಿದಳು. ಕಲ್ಮೇಶ ಬುಟ್ಟಿ ಹಿಡಿಯಲು ಬಂದ. ಮುಟ್ಟಗೊಡಲಿಲ್ಲ.